ಹರಿದದ್ದು ಬಟ್ಟೆ, ದಾರವಲ್ಲ

ಒಂದೇ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರಗಳು. ಬಾಗಿಲ ಬಳಿಯದು ಹಿರಿಸೊಸೆಯದು, ಕಿಟಕಿ ಬಳಿಯದು ಕಿರಿಸೊಸೆಯದು. ಹಿರಿಯವಳು ಶಾಲೆಚೀಲ, ಸೋಫಾ ಕವರು, ಚರ್ಮದ ಪಟ್ಟಿ ಹೊಲಿಯುತ್ತಿದ್ದಳು. ಅವಳ ದಪ್ಪ ನೈಲಾನ್ ದಾರದ ಹೊಲಿಗೆ ಬಿಚ್ಚಿತೆಂದು ಯಾರೂ ತಿರುಗಿ ಬಂದವರಿಲ್ಲ. ಆದರೆ ಚೀಲ ಹೊತ್ತವರು ಕನ್ನಡಿ ಮುಂದೆ ನಿಲ್ಲುವುದಿಲ್ಲವಲ್ಲ. ಕಿರಿಯವಳು ಹೊಲಿದ ಉಡುಪು ತೊಟ್ಟವರು ಹಿಂದೆ ಮುಂದೆ ತಿರುಗಿ ನೋಡಿಕೊಂಡು, "ನಿನ್ನ ಕೈಲಿ ಏನೋ ಇದೆ ಕಣಮ್ಮ" ಅನ್ನುತ್ತಿದ್ದರು. ಆಗೆಲ್ಲ ಹಿರಿಯವಳು ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದಳು, ಆ ಮಾತು ಸದ್ದಿನಲ್ಲಿ ಮುಳುಗಲಿ ಎಂದು.

ನಾದಿನಿಗೆ ಮದುವೆ ಗೊತ್ತಾಯಿತು. ತಾಯಿಯಿಲ್ಲದ ಆ ಹುಡುಗಿಯ ತಲೆ ಬಾಚಿ, ಜ್ವರ ಬಂದರೆ ಪಕ್ಕದಲ್ಲಿ ಕೂತು ಬೆಳೆಸಿದವಳು ಹಿರಿಯವಳೇ. ಕಿರಿಯವಳು ಮನೆ ತುಂಬಿದ್ದು ಮೊನ್ನೆ ಮೊನ್ನೆ.

"ಮದುವೆ ಗೌನು ಚಿಕ್ಕತ್ತಿಗೆ ಹೊಲೀತಾರೆ. ನೀವು ಒಂದು ಗಟ್ಟಿ ಚೀಲ ಹೊಲಿದುಕೊಡಿ ದೊಡ್ಡತ್ತಿಗೆ, ಹೋಗೋವಾಗ ಬೇಕಾಗುತ್ತೆ."

"ಅದಕ್ಕೇನಂತೆ," ಎಂದಳು ಹಿರಿಯವಳು. ಯಂತ್ರವನ್ನು ಮತ್ತೆ ಜೋರಾಗಿ ತುಳಿದಳು.

ಮರುದಿನವೇ ಪೇಟೆಗೆ ಹೋಗಿ ನುಣುಪಾದ ತೆಳು ಬಟ್ಟೆ ತಂದಳು. ಕಿರಿಯವಳು ಹೊರಗೆ ಹೋದಾಗಲೆಲ್ಲ ಗುಟ್ಟಾಗಿ ತಾನೂ ಒಂದು ಗೌನು ಹೊಲಿದಳು. ದಾರ ಬೇರೆ ಹುಡುಕಲಿಲ್ಲ. ಆನೆ ಎಳೆದರೂ ಕಿತ್ತುಬರದ ತನ್ನ ದಾರವಿರುವಾಗ ಮತ್ತೊಂದೇಕೆ? ಹೊಲಿಗೆಯ ಉದ್ದಕ್ಕೂ ಬಟ್ಟೆ ಸುಕ್ಕುಗಟ್ಟಿತು. ಕೈಯಲ್ಲಿ ಎಳೆದೆಳೆದು ಸರಿಮಾಡಿದಳು.

ನಾದಿನಿ ತೊಟ್ಟು ತೋಳೆತ್ತಿದ್ದೇ ತಡ, ಕಂಕುಳಲ್ಲಿ ಪರ್ರನೆ ಸದ್ದಾಯಿತು. ದಾರ ಹಾಗೇ ಇತ್ತು. ಅದರ ಪಕ್ಕದಲ್ಲೇ ಬಟ್ಟೆ ಸೀಳಿಹೋಗಿತ್ತು.

ಅಷ್ಟರಲ್ಲಿ ಕಿರಿಯವಳು ಬಂದಳು. ನಗಲಿಲ್ಲ. "ಅಕ್ಕ, ದಾರ ಬಟ್ಟೆಗಿಂತ ಗಟ್ಟಿಯಾಯ್ತು. ಸಣ್ಣ ಸೂಜಿ, ಮೆತ್ತನೆ ದಾರ ಹಾಕಿದ್ರೆ ಸಾಕಿತ್ತು. ಕೊಡಿ, ನಾನು ಬಿಚ್ಚಿ ಸರಿ ಮಾಡ್ತೀನಿ."

"ಬೇಡ." ನಾದಿನಿ ಗೌನು ಕಳಚುತ್ತಲೇ ಹಿರಿಯವಳು ಅದನ್ನು ಕಿತ್ತುಕೊಂಡು ಉಂಡೆಮಾಡಿ ಮಂಚದಡಿಗೆ ತುರುಕಿದಳು. ನಕ್ಕಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಆ ಪುಣ್ಯವೂ ಇಲ್ಲ.

ಮದುವೆ ಹತ್ತಿರ ಬಂದಾಗ ಕಿರಿಯವಳೇ ಸಪ್ಪೆ ಮೋರೆ ಹಾಕಿಕೊಂಡು ಬಂದಳು. ಅವಳು ಹೊಲಿದ ಗೌನಿನ ಕುತ್ತಿಗೆಯ ಸುತ್ತ ಪೋಣಿಸಿದ್ದ ಗಾಜಿನ ಮಣಿಗಳು ಒಂದೊಂದೇ ಉದುರುತ್ತಿದ್ದವು. ಮಣಿಯ ಅಂಚು ಹತ್ತಿ ದಾರವನ್ನು ಕೊಯ್ಯುತ್ತಿತ್ತು.

"ಏನು ಮಾಡ್ಲಿ ಅಕ್ಕ?"

ಹಿರಿಯವಳು ಡಬ್ಬಿಯಿಂದ ಕೂದಲಿನಷ್ಟು ಸಣ್ಣ, ಬಣ್ಣವಿಲ್ಲದ ನೈಲಾನ್ ದಾರ ತೆಗೆದು ತಾನೇ ಪೋಣಿಸತೊಡಗಿದಳು. ಬಟ್ಟೆಯ ಮೇಲೆ ಆ ದಾರ ಕಾಣಲೇ ಇಲ್ಲ.

ಮುಗಿದ ಮೇಲೆ ಕಿರಿಯವಳು ಇಸ್ತ್ರಿಪೆಟ್ಟಿಗೆ ಕಾಯಲಿಟ್ಟಳು. ಬಿಸಿ ತಾಗಿದರೆ ನೈಲಾನ್ ಕರಗುತ್ತದೆ, ಮಣಿಯೆಲ್ಲ ನೆಲದ ಪಾಲು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಹಿರಿಯವಳು ಮುಚ್ಚಿಕೊಂಡೇ ಇದ್ದಳು. ಪೆಟ್ಟಿಗೆ ಗೌನಿನ ಅಂಚಿನಿಂದ ಮೇಲಕ್ಕೆ, ಸೊಂಟದವರೆಗೆ ಬಂತು. ಆ ಮಣಿ ತೊಡುವ ನಾದಿನಿಯ ಕುತ್ತಿಗೆ ತಾನು ಎಣ್ಣೆ ಹಚ್ಚಿ ಮೀಯಿಸಿದ ಕುತ್ತಿಗೆ ಎಂಬುದು ನೆನಪಾಗಿ, "ಅಲ್ಲಿಗೆ ನಿಲ್ಲಿಸು. ಮಣಿ ಹತ್ರ ಇಡಬೇಡ, ದಾರ ಕರಗುತ್ತೆ," ಎಂದುಬಿಟ್ಟಳು.

ಮದುವೆಯ ದಿನ ಎಲ್ಲರ ಕಣ್ಣೂ ಗೌನಿನ ಮೇಲೆ. ಗಂಡಿನ ಸೋದರತ್ತೆ ಕಿರಿಯವಳನ್ನು ಹಿಡಿದು ನಿಲ್ಲಿಸಿ ಹೊಗಳಿದರು.

"ಮಣಿ ಕೆಲಸ ನನ್ನದಲ್ಲಮ್ಮ, ನಮ್ಮಕ್ಕಂದು," ಎಂದು ಕಿರಿಯವಳು ಹಿರಿಯವಳನ್ನು ಮುಂದಕ್ಕೆ ಎಳೆದಳು.

ಅವರು ಅವಳ ಕೈಯನ್ನೂ ಹಿಡಿದು ಮೆಚ್ಚಿದರು. ಹಿರಿಯವಳು ನಕ್ಕಳು. ಮನಸ್ಸು ಮಾತ್ರ ತಣ್ಣಗಾಗಲಿಲ್ಲ. ಹೊಗಳಿಕೆಯನ್ನೂ ಹಂಚಿಕೊಡುವಷ್ಟು ಇದೆಯಲ್ಲ ಇವಳ ಹತ್ತಿರ, ಎಂದು ಮತ್ತೊಂದು ಸಂಕಟ ಶುರುವಾಯಿತು.