ಕೊನೆಯ ಹದಿನಾರು ಪುಟ

"ಅದಿರ್ಲಿ ಮೇಡಂ, ಆ ಹುಡುಗಿ ಕೊನೆಗೆ ದೋಣಿ ಹತ್ತಿದ್ಲೋ ಇಲ್ವೋ?" ಕಾದಂಬರಿಯನ್ನು ಮೇಜಿನ ಮೇಲೆ ಬೋರಲು ಹಾಕಿ ಕೇಳಿದರು ಟೈಲರ್ ಮಾಸ್ಟರ್.

ಲೈಬ್ರರಿ ಮೇಡಂ ಸೀಲು ಒತ್ತುತ್ತಲೇ ಹೇಳಿದರು, "ಅದನ್ನ ಓದುಗರಿಗೇ ಬಿಟ್ಟಿದಾರೆ ಮಾಸ್ಟ್ರೇ. ಈಗಿನವರು ಬರೆಯೋದೇ ಹಾಗೆ."

"ಏನ್ ಬಿಡೋದು? 'ಅವಳು ಬಲಗಾಲನ್ನು' ಅಂತ ನಿಲ್ಸಿದಾರೆ. ಎಡಗಾಲು ನನ್ನ ಪಾಲಿಗಾ?"

ಮೇಡಂ ತೆರೆದು ನೋಡಿದರು. ಇನ್ನೂರ ಇಪ್ಪತ್ತನಾಲ್ಕನೇ ಪುಟವಾದ ಮೇಲೆ ನೇರ ರಟ್ಟು! ಗಟ್ಟಿ ರಟ್ಟು ಹಾಕಿಸಲು ಕಳಿಸಿದ್ದಾಗ ಕೊನೆಯ ಹದಿನಾರು ಪುಟ ಹೊಲಿಗೆ ತಪ್ಪಿಸಿಕೊಂಡಿದ್ದವು. "ಈ ವರ್ಷ ಇದೊಂದನ್ನ ಬಿಡಲೇಬೇಡಿ" ಎಂದು ಇದೇ ಪ್ರತಿಯನ್ನು ಅವರು ಮಾಸ್ಟರ್‌ಗಿಂತ ಮೊದಲೇ ಇಬ್ಬರಿಗೆ ಕೊಟ್ಟಿದ್ದರು. ಓದಿದ ನರ್ಸು, "ಅಬ್ಬಾ, ಎಂಥಾ ಕೊನೆ!" ಎಂದಿದ್ದಳು. ರಿಟೈರ್ಡ್ ಮೇಷ್ಟ್ರಂತೂ ಆ ಕೊನೆಯ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದಿದ್ದರು.

"ನೀವು ಓದಿಲ್ಲ, ಅಲ್ವಾ?" ಮಾಸ್ಟರ್ ದನಿ ತಗ್ಗಿತು.

ಇಪ್ಪತ್ತು ವರ್ಷದಿಂದ ಇಲ್ಲಿ ಮೇಡಂ ಹೇಳಿದ್ದೇ ವೇದವಾಕ್ಯ. ತಾವು ಓದದ ಪುಸ್ತಕವನ್ನು ಅವರು ಯಾರ ಕೈಗೂ ಕೊಡುವವರಲ್ಲ ಎಂದೇ ಎಲ್ಲರ ನಂಬಿಕೆ. ಈಗ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬೆರಳಿಗೆ ಹತ್ತಿದ ಸೀಲಿನ ಇಂಕನ್ನು ಒರೆಸಿಕೊಳ್ಳುತ್ತ ಹೇಳಿದರು:

"ಅಕ್ಕ ಹೋದ್ಮೇಲೆ ಒಂದನ್ನೂ ಓದಿಲ್ಲ. ಯಾವಾಗ್ಲೂ ಅವಳೇ ಮೊದ್ಲು ಮುಗಿಸಿ, ಮುಂದೇನಾಯ್ತು ಅಂತ ಹೇಳದೆ ನನ್ನ ಗೋಳು ಹೊಯ್ಕೊಳ್ತಿದ್ಲು. ಈಗ ಯಾರಿಗೆ ಏನಾದ್ರೆ ಏನು ಅನ್ಸುತ್ತೆ. ಬೆನ್ನುಡಿ ನೋಡ್ಕೊಂಡು ನಿಮಗೆಲ್ಲ ಹೇಳ್ತಿದ್ದೆ."

"ಎಂಟು ತಿಂಗಳಾಯ್ತಲ್ವಾ ಅವರು ಹೋಗಿ? ಅಂದ್ರೆ ಆಮೇಲೆ ನೀವು ನನಗೆ ಕೊಟ್ಟ ಹನ್ನೊಂದು ಪುಸ್ತಕಾನೂ?"

"ಹನ್ನೊಂದೂ."

"ಅದ್ರಲ್ಲಿ ಎರಡು ಚೆನ್ನಾಗಿದ್ವು," ಎಂದರು ಮಾಸ್ಟರ್, ಸಮಾಧಾನ ಹೇಳುವವರಂತೆ.

ಮೇಡಂಗೆ ನಗು ಬರಲಿಲ್ಲ. ಬೈಂಡರ್‌ಗೆ ಫೋನ್ ಮಾಡಿದರು. "ಆ ಹಾಳೆಗಳಾ? ಇಲ್ಲೇ ಬಿದ್ದಿವೆ. ಮೂರು ತಿಂಗಳಾದ್ರೂ ಯಾರೂ ಕೇಳ್ಲೇ ಇಲ್ವಲ್ಲ!" ಎಂದ ಅವನು. ಸಂಜೆಯೊಳಗೆ ತಂದುಕೊಡಲು ಒಪ್ಪಿದ.

"ಅಲ್ಲೀವರೆಗೆ ಬೇರೆ ಯಾವುದಾದ್ರೂ ಕೊಡ್ಲಾ ಮಾಸ್ಟ್ರೇ?"

"ಬೇಡಮ್ಮ. ನೀವು ಓದದೇ ಇರೋದನ್ನ ಇನ್ಮೇಲೆ ನಾನು ಮುಟ್ಟಲ್ಲ." ಕಾದಂಬರಿಯನ್ನು ಅವರತ್ತಲೇ ಸರಿಸಿದರು. "ಮುಂದಿನ ಬುಧವಾರ ಅಂಗಡಿ ರಜಾ. ನಾಲ್ಕು ಗಂಟೆಗೆ ಬರ್ತೀನಿ. ಅಷ್ಟರಲ್ಲಿ ಓದಿರಿ."

"ಬರೀ ಹದಿನಾರು ಪುಟ ಓದಿದ್ರೆ ಏನರ್ಥ ಆಗುತ್ತೆ? ಮೊದಲಿಂದ ಶುರು ಮಾಡ್ಬೇಕು."

"ಮಾಡಿ. ಚೆನ್ನಾಗಿಲ್ಲ ಅನ್ಸಿದ್ರೆ ಚೆನ್ನಾಗಿಲ್ಲ ಅಂತಲೇ ಹೇಳಿ. ಆದ್ರೆ ಓದಿ ಹೇಳಿ."

ಓದುವ ಆಸೆಯೇನೂ ಮೇಡಂ ಒಳಗೆ ಹುಟ್ಟಿರಲಿಲ್ಲ. ಆದರೂ ಕ್ಯಾಲೆಂಡರಿನ ಬುಧವಾರದ ಮೇಲೆ 'ಮಾಸ್ಟರ್, ನಾಲ್ಕಕ್ಕೆ' ಎಂದು ಬರೆದರು.

"ಬನ್ನಿ. ಇರ್ತೀನಿ," ಎಂದರು.