ರೇಡಾನ್ ಡಬ್ಬಿ ಮತ್ತು ದೀಪದ ಹೊತ್ತು

…"ಈ ಕೋಣೇಲಿ ಏನೋ ಇದೆ" ಎಂದಿದ್ದಳೋ ಸರಳಾ, "ಯಾರೋ ಇದ್ದಾರೆ" ಎಂದಿದ್ದಳೋ, ಸರಿಯಾಗಿ ನೆನಪಿಲ್ಲ. ಸಿಗರೇಟು ಮುಟ್ಟದ ನನ್ನ ಹೆಂಡತಿ ಅವಳು, ಶ್ವಾಸಕೋಶದ ಕ್ಯಾನ್ಸರಿನಿಂದ ಹೋದಳು. ಆ ಕೋಣೆಯಲ್ಲಿ ಈಗ ಮಗಳು ಮಲಗುತ್ತಾಳೆ. ನೆಲದಿಂದ ಏಳುವ, ಬಣ್ಣ ವಾಸನೆಯಿಲ್ಲದ, ಅಂಥ ಕ್ಯಾನ್ಸರ್ ತರಬಲ್ಲ ರೇಡಾನ್ ಅನಿಲ ಇದೆಯೇ ಎಂದು ತಿಳಿಯಲು, ಗೆಳೆಯರೇ, ಮುಂಬೈನ ಜೋಗೇಶ್ವರಿಯ ನಮ್ಮ ಗ್ರೌಂಡ್ ಫ್ಲೋರ್ ಮನೆಯಲ್ಲಿ ಪರೀಕ್ಷೆಯ ಡಬ್ಬಿ ಇಟ್ಟು, ಹೊರಗಿನ ಗಾಳಿ ಬೆರೆಯದಂತೆ ಬಾಗಿಲು ಕಿಟಕಿ ಮುಚ್ಚಿದ್ದೆ. ಇಂದು ಸಂಜೆ ಅಮ್ಮ ಎಲ್ಲವನ್ನೂ ತೆರೆದಿಟ್ಟಳು.

"ಅಮ್ಮಾ, ಪರೀಕ್ಷೆ ಕೆಟ್ಟುಹೋಯ್ತು!"

"ದೀಪ ಹಚ್ಚೋ ಹೊತ್ನಲ್ಲಿ ಬಾಗಿಲು ಹಾಕ್ಕೊಂಡ್ರೆ ಲಕ್ಷ್ಮಿ ಹೋಗಿ ವಾಚ್‌ಮನ್ ಜೊತೆ ಕೂತಿರ್ಬೇಕೇನೋ?"

ಬಂದದ್ದು ಸೊಳ್ಳೆ ಮಾತ್ರ. ಡಬ್ಬಿ ಹೊಸದಾಗಿ ತರಿಸಬೇಕು. ಅಲ್ಲಿಯವರೆಗೆ ಮಗಳು ಅದೇ ಗಾಳಿ ಉಸಿರಾಡುತ್ತಾಳೆ. ಸರಳಾ, ದಿನಾ ಸಂಜೆ ಆ ಬಾಗಿಲು ತೆರೆಯುತ್ತಿದ್ದವಳು ನೀನೇ; ಒಳಗಿದ್ದದ್ದು ಆಗ ಹೊರಗೆ ಹೋಗುತ್ತಿರಲಿಲ್ಲವೇ?