ಎರಡನೆಯ ತೋಟಾ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನಗಾಗ ಒಂಬತ್ತೋ ಹತ್ತೋ ವರ್ಷ; ಡೈರಿ ಬರೆಯುವ ಅಭ್ಯಾಸ ಇನ್ನೂ ಶುರುವಾಗಿರಲಿಲ್ಲ. ಹೋದ ವಾರ ಇಲ್ಲಿ ಸೆಂಟರ್‌ವಿಲ್‌ನಲ್ಲಿ, ಅಮ್ಮನ ಸ್ವೆಟರಿಗೆ ಗುಂಡಿ ಹುಡುಕುತ್ತ ಅವಳ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಮಗುಚಿದೆ. ಗುಂಡಿಗಳ ನಡುವಿನಿಂದ ಕೋವಿಯ ಒಂದು ಖಾಲಿ ತೋಟಾ ಉರುಳಿತು. ಗಿಡ್ಡನೆಯ ಹಿತ್ತಾಳೆ ಕೊಳವೆ. ಮೂಗಿಗೆ ಹಿಡಿದೆ. ವಾಸನೆ ಏನೂ ಇರಲಿಲ್ಲ. ಆದರೂ ಅತಿಯಾಗಿ ಹಣ್ಣಾದ ಬಾಳೆಹಣ್ಣಿನ ವಾಸನೆ ಬಂದಂತಾಯಿತು...

ಅದು ನಾರ್ತ್ ಕ್ಯಾರೊಲೈನಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ಅವರ ಗರಾಜಿನ ವಾಸನೆ. ಕೋವಿಯ ನಳಿಗೆ ತೊಳೆಯುವ ದ್ರವ ಹಾಗೆ ನಾರುತ್ತಿತ್ತು. ಎಪ್ಪತ್ತರ ದಶಕದ ನಡುವಿನ ವರ್ಷಗಳು. ಆ ಬೀದಿಯಲ್ಲಿ ಕನ್ನಡದ ಮನೆಗಳು ಎರಡೇ: ಮೈಸೂರಿನ ನಮ್ಮದು, ಕೊಡಗಿನ ಅವರದು. ಅಂಕಲ್ ಆಸ್ಪತ್ರೆಯಲ್ಲಿ ಡಾಕ್ಟರು. ಆಂಟಿ ತುಂಬು ಬಸುರಿ.

ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಮನೆಯ ಮುಂದೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ಇದನ್ನು ನನಗೆ ಹೇಳಿದ್ದು ಅಂಕಲ್ಲೇ. ಮಗು ಹುಟ್ಟಿದ ದಿನ ತಾನೂ ಹಾರಿಸಬೇಕೆಂದು ಅವರು ಹಟ ಹಿಡಿದಿದ್ದರು.

“ಹೆಣ್ಣಾದ್ರೆ ಏನ್ರೀ ಮಾಡ್ತೀರಾ?” ಎಂದು ಆಂಟಿ ಕೆಣಕಿದರು.

“ಆಗ್ಲೂ ಹೊಡೀತೀನಿ. ರೂಲ್ಸ್ ಚೆಕ್ ಮಾಡೋಕೆ ಇಲ್ಲೀವರೆಗೂ ನಿಮ್ಮಪ್ಪ ಬರ್ತಾರಾ?”

ಗರಾಜಿನ ಮೇಜಿನ ಮೇಲೆ, ಹಳೆಯ ಟವೆಲಿನ ಮೇಲೆ, ಎರಡು ಕೋವಿಗಳು ಅಕ್ಕಪಕ್ಕ ಮಲಗಿರುತ್ತಿದ್ದವು. ಎರಡೂ ಲೀವರಿನವು. ಕುದುರೆಯ, ಅಂದರೆ ಟ್ರಿಗರಿನ, ಕೆಳಗಿನ ಹಿಡಿಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಬಿದ್ದು ಹೊಸದು ಒಳಹೋಗುತ್ತದೆ. ಹಳೆಯ ಕೋವಿ ಊರಿನಲ್ಲಿ ಅವರಪ್ಪನ ಬಳಿ ಇದ್ದಂಥದೇ; ಖಾಲಿ ತೋಟಾವನ್ನು ಮೇಲಕ್ಕೆ ಉಗುಳುತ್ತಿತ್ತು. ಹೊಸದು ಪಕ್ಕಕ್ಕೆ. ಹಳೆಯದರ ತೋಟಾ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಅದಕ್ಕೇ ಅಂಕಲ್ ಅದರ ನಳಿಗೆಯನ್ನು ಬದಲಾಯಿಸಿ, ಹೊಸ ಕೋವಿಯ ತೋಟಾವೇ ಅದಕ್ಕೂ ಆಗುವಂತೆ ಮಾಡುತ್ತಿದ್ದರು. “ಇನ್ಮೇಲೆ ಇಬ್ಬರಿಗೂ ಒಂದೇ ಊಟ,” ಎನ್ನುತ್ತಿದ್ದರು.

ಆದರೆ ಹೊಸ ತೋಟಾ ಹಳೆಯದಕ್ಕಿಂತ ಒಂದಿಷ್ಟು ಬೇರೆ ಅಳತೆಯದು. ತೋಟಾವನ್ನು ಕೆಳಗಿನಿಂದ ಎತ್ತಿ ಕೊಡುವ ಪುಟ್ಟ ತುಂಡು ಅದಕ್ಕೆ ಒಗ್ಗಲಿಲ್ಲ. ಮೊದಲನೆಯದು ಸರಾಗವಾಗಿ ಹೋಗುತ್ತಿತ್ತು, ಎರಡನೆಯದು ನಡುವೆ ಸಿಕ್ಕಿಕೊಳ್ಳುತ್ತಿತ್ತು. ಹೊಸ ಕೋವಿಯನ್ನು ಬಿಚ್ಚಿ, ಅದರೊಳಗೆ ಹೇಗಿದೆ ಎಂದು ನೋಡಿ, ಹಳೆಯದರ ಆ ತುಂಡನ್ನು ಅರದಿಂದ ಒಂದು ಚೂರು ಉಜ್ಜುವುದು, ಮತ್ತೆ ಜೋಡಿಸುವುದು, ಮತ್ತೆ ಬೈದುಕೊಳ್ಳುವುದು.

“ಡಾಕ್ಟ್ರೇ, ನಿಮಗೆ ಬೇಕಿರೋದು ಒಂದೇ ಸದ್ದು. ಎರಡನೇದಕ್ಕೆ ಯಾಕೆ ಇಷ್ಟು ಒದ್ದಾಡ್ತೀರಿ?” ಎಂದು ನಮ್ಮಪ್ಪ ನಕ್ಕರು.

“ಕೋವಿ ಅಂದ್ಮೇಲೆ ಎರಡೂ ಹೇಳೋಕೆ ಬರ್ಬೇಕಲ್ವಾ ಸಾರ್?”

ಬಾಗಿಲಲ್ಲಿ ನಿಂತಿದ್ದ ಆಂಟಿಯ ಮುಖ ಬಿಳಿಚಿತು. “ಬಿಡ್ತು ಅನ್ರೀ!”

“ಬಿಡ್ತು, ಬಿಡ್ತು,” ಎಂದರು ಅಂಕಲ್. ಅರ ಹಿಡಿದ ಕೈ ಮಾತ್ರ ನಿಲ್ಲಲಿಲ್ಲ... ಅಥವಾ ನಿಲ್ಲಲಿಲ್ಲವೆಂದು ನಾನು ಆಮೇಲೆ ಸೇರಿಸಿಕೊಂಡೆನೋ.

ಆಂಟಿ ಆಸ್ಪತ್ರೆಗೆ ಸೇರಿದ ಮಾರನೆಯ ಬೆಳಿಗ್ಗೆ ಅಂಕಲ್ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದರು. ನಾನು ಬೇಲಿಯ ಈಚೆಗಿದ್ದೆ. ಅವರು ನನ್ನನ್ನು ನೋಡಲಿಲ್ಲ. ನೇರ ಗರಾಜಿಗೆ ಹೋಗಿ ಒಂದು ಕೋವಿ ಹಿಡಿದು ಹೊರಬಂದರು. ಯಾವುದು? ಎಷ್ಟು ಯೋಚಿಸಿದರೂ ಕಾಣುವುದು ಅವರ ಬೆನ್ನು ಮಾತ್ರ. ಹಿತ್ತಲಿನ ಪೈನ್ ಮರಗಳತ್ತ ತಿರುಗಿ ಗುಂಡು ಹೊಡೆದರು. ಲೀವರ್ ಎಳೆದ ಸದ್ದು ಕೇಳಿತು. ಆಮೇಲೆ... ಇನ್ನೊಂದು ಗುಂಡೋ, ಮರಗಳಿಂದ ವಾಪಸು ಬಂದ ಮೊದಲನೆಯದರ ಸದ್ದೋ. ಬೇಲಿಯ ಬುಡದ ಹುಲ್ಲಿನಲ್ಲಿ ಬಿದ್ದಿದ್ದ ಬಿಸಿ ತೋಟಾವನ್ನು ಎತ್ತಿಕೊಂಡೆ. ಅಮ್ಮ ಓಡಿಬಂದು ಕಿತ್ತುಕೊಂಡಳು.

ತೋಟಾ ಹೊರಬಿದ್ದಿದೆಯೆಂದರೆ ಅವರು ಲೀವರ್ ಎಳೆದದ್ದಂತೂ ನಿಜ. ಎರಡನೆಯದಕ್ಕಾಗಿ ಎಳೆದರೋ, ಬರೀ ಅಭ್ಯಾಸದಿಂದಲೋ? ಎರಡು ಹೊಡೆಯಲೆಂದೇ ಬಂದು, ಆ ಹಳೆಯ ಕೋವಿಯಲ್ಲಿ ಎರಡನೆಯದು ಸಿಕ್ಕಿಕೊಂಡು, ಸಾವನ್ನು ಹೇಳಬೇಕಾದ ಕೋವಿ ಹುಟ್ಟನ್ನು ಹೇಳಿ ಸುಮ್ಮನಾಯಿತೋ? ಕೈಯಲ್ಲಿರುವ ಹಿತ್ತಾಳೆ ಯಾವ ಕೋವಿಯದೆಂದೂ ಹೇಳುವಂತಿಲ್ಲ. ಇಬ್ಬರಿಗೂ ಒಂದೇ ಊಟ.

ಆಮೇಲೆ ಅಮ್ಮ ಬಾಣಂತಿಗೆಂದು ಬೆಳ್ಳುಳ್ಳಿ ಸಾರು ಒಯ್ಯುತ್ತಿದ್ದುದು ನೆನಪಿದೆ. ಅದೂ ಏನನ್ನೂ ಹೇಳುವುದಿಲ್ಲ. ಮಗು ಉಳಿದರೂ ಉಳಿಯದಿದ್ದರೂ ಬಾಣಂತಿ ಬಾಣಂತಿಯೇ. ನನ್ನನ್ನು ಒಮ್ಮೆಯೂ ಜೊತೆಗೆ ಕರೆದೊಯ್ಯಲಿಲ್ಲ. ಬೇಸಿಗೆಯ ಹೊತ್ತಿಗೆ ಅವರು ಮನೆ ಮಾರಿ ಅಟ್ಲಾಂಟಾ ಕಡೆಗೆ ಹೊರಟುಹೋದರು. ಮನೆಯಲ್ಲಿ ಆ ಮಾತು ಎತ್ತಿದರೆ ಅಪ್ಪ ಟಿವಿ ಹಾಕುತ್ತಿದ್ದರು.

ಅಪ್ಪ ಈಗಿಲ್ಲ. ಅಂಕಲ್ ಕೂಡ ತೀರಿಕೊಂಡರೆಂದು ವರ್ಷಗಳ ಹಿಂದೆ ಯಾರೋ ಮದುವೆಯಲ್ಲಿ ಹೇಳಿದ್ದರು. ನಾನು ತಟ್ಟೆ ಹಿಡಿದು ನಿಂತಿದ್ದೆ. ಅವರಿಗಾಗಿ ಎರಡು ಗುಂಡು ಹಾರಿಸುವುದಕ್ಕೆ ಮಗನೋ ಮಗಳೋ ಇದ್ದರೇ ಎಂದು ಆಗ ಕೇಳಬೇಕಿತ್ತು. ನನಗೆ ಹೊಳೆಯಲಿಲ್ಲ.

ಹೋದ ವಾರ ತೋಟಾವನ್ನು ಅಮ್ಮನ ಅಂಗೈಯಲ್ಲಿಟ್ಟೆ. ಅವಳು ಅದನ್ನು ಸೆರಗಿನಿಂದ ಒರೆಸಿ, ಡಬ್ಬಿಗೆ ಹಾಕಿ, ಮೇಲೆ ಗುಂಡಿಗಳನ್ನು ಸುರಿದು ಮುಚ್ಚಳ ಒತ್ತಿದಳು. ಅಷ್ಟರಲ್ಲಿ ನಾನು ಕೇಳಿಯಾಗಿತ್ತು:

“ಅಮ್ಮಾ, ಆವತ್ತು ನಿಂಗೆ ಎಷ್ಟು ಕೇಳಿಸ್ತು? ಒಂದಾ, ಎರಡಾ?”